ಒಂದೇ ತರಂಗದಲ್ಲಿ ಹತ್ತು ಕೇಂದ್ರ: ಯುವಜನರ ಸಂಗೀತಕ್ಕೆ ಡಿಜಿಟಲ್ ರೇಡಿಯೊ ಜಾಗ ಮಾಡಿಕೊಟ್ಟ ಬಗೆ

ಖಾಸಗಿ ಎಫ್‌ಎಂ ಕೇಂದ್ರಗಳು ಡಿಜಿಟಲ್ ಪ್ರಸಾರಕ್ಕೆ ಬರಲು ದಾರಿ ತೋರಿಸುವ ಶಿಫಾರಸುಗಳನ್ನು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2025ರ ಅಕ್ಟೋಬರ್‌ನಲ್ಲಿ ಸರ್ಕಾರದ ಮುಂದಿಟ್ಟಿತು. ಮೊದಲ ಹಂತಕ್ಕೆ ಅದು ಹೆಸರಿಸಿದ 13 ನಗರಗಳಲ್ಲಿ ಬೆಂಗಳೂರೂ ಇದೆ. ಬೇಕಾದ ಹಾಡು ಬೇಕಾದಾಗ ಮೊಬೈಲಿನಲ್ಲೇ ಸಿಗುವ ಈ ದಿನಗಳಲ್ಲಿ ರೇಡಿಯೊ ಡಿಜಿಟಲ್ ಆದರೆ ಕೇಳುಗರಿಗೆ ಸಿಗುವುದೇನು ಎಂದು ಯಾರಿಗಾದರೂ ಅನ್ನಿಸುತ್ತದೆ. ಧ್ವನಿ ಸ್ಪಷ್ಟವಾಗುತ್ತದೆ ಎಂಬ ಉತ್ತರ ಕೂಡಲೇ ಬರುತ್ತದೆ. ಅದು ಅರ್ಧ ಸತ್ಯ ಮಾತ್ರ. ಹೆಚ್ಚು ತೂಕದ ಬದಲಾವಣೆ ಜಾಗಕ್ಕೆ ಸಂಬಂಧಿಸಿದ್ದು. ಎಫ್‌ಎಂ ಪಟ್ಟಿಯಲ್ಲಿ ಎಂದೂ ಎಡೆ ಸಿಗದ ಕೇಂದ್ರಗಳು ಡಿಜಿಟಲ್‌ನಲ್ಲಿ ಹುಟ್ಟಬಹುದು.

ಹಾಗೆ ಹುಟ್ಟಿದ ಕೇಂದ್ರವೊಂದು ಲಂಡನ್ನಿನಲ್ಲಿದೆ. ಅದರ ಹೆಸರು ಬಿಬಿಸಿ ರೇಡಿಯೊ 1ಎಕ್ಸ್‌ಟ್ರಾ. 2002ರ ಆಗಸ್ಟ್ 16ರ ಸಂಜೆ 6 ಗಂಟೆಗೆ ಆರಂಭವಾದ ಈ ಕೇಂದ್ರಕ್ಕೆ ಎಫ್‌ಎಂ ತರಂಗಾಂತರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹಿಪ್ ಹಾಪ್, ಆರ್ ಅಂಡ್ ಬಿ, ಗರಾಜ್, ಡ್ರಮ್ ಅಂಡ್ ಬೇಸ್, ಡ್ಯಾನ್ಸ್‌ಹಾಲ್, ಗ್ರೈಮ್ ಮುಂತಾದ ಸಂಗೀತವನ್ನು ದಿನದ 24 ಗಂಟೆಯೂ ಹದಿನೈದರಿಂದ ಇಪ್ಪತ್ತನಾಲ್ಕರ ಆಸುಪಾಸಿನ ವಯಸ್ಸಿನವರಿಗೆ ಕೇಳಿಸುವುದು ಅದರ ಕೆಲಸ. ಡಿಜಿಟಲ್ ರೇಡಿಯೊ ಎಂದರೇನು ಎಂಬುದನ್ನು ಈ ಒಂದು ಕೇಂದ್ರವನ್ನು ಹಿಡಿದುಕೊಂಡೇ ಅರ್ಥ ಮಾಡಿಕೊಳ್ಳಬಹುದು.

ಎಫ್‌ಎಂನಲ್ಲಿ ಜಾಗ ಏಕೆ ಸಾಲುವುದಿಲ್ಲ

ರೇಡಿಯೊ ಕೇಂದ್ರವೊಂದು ಧ್ವನಿಯನ್ನು ವಿದ್ಯುತ್ಕಾಂತೀಯ ಅಲೆಯ ಮೇಲೆ ಹೊರಿಸಿ ಕಳಿಸುತ್ತದೆ. ಆ ಅಲೆ ಒಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದೇ ಅದರ ತರಂಗಾಂತರ, ನಾವು ರೇಡಿಯೊ ಡಬ್ಬಿಯ ಮೇಲೆ ನೋಡುವ 91.1, 101.3 ಮುಂತಾದ ಸಂಖ್ಯೆ. ಇದನ್ನು ಅಳೆಯುವುದು ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಕಂಪನಗಳ ಲೆಕ್ಕದಲ್ಲಿ. ಎಫ್‌ಎಂ ಪದ್ಧತಿಯಲ್ಲಿ ಹಾಡಿನ ಏರಿಳಿತಕ್ಕೆ ತಕ್ಕಂತೆ ಈ ಕಂಪನದ ವೇಗ ತುಸು ಹೆಚ್ಚು ಕಡಿಮೆಯಾಗುತ್ತಿರುತ್ತದೆ. ಆ ಓಲಾಟಕ್ಕೆ ಒಂದು ಕೇಂದ್ರಕ್ಕೆ ಸುಮಾರು 0.2 ಮೆಗಾಹರ್ಟ್ಸ್ ಅಗಲದ ಜಾಗ ಬೇಕು.

ಎಫ್‌ಎಂಗೆ ಮೀಸಲಾಗಿರುವುದು ಸರಿಸುಮಾರು 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಪಟ್ಟಿ. ಲೆಕ್ಕ ಹಾಕಿದರೆ ನೂರು ಕೇಂದ್ರ ಹಿಡಿಸಬೇಕು. ನಿಜದಲ್ಲಿ ಹಾಗಾಗುವುದಿಲ್ಲ. ಒಂದೇ ಊರಿನಲ್ಲಿ ಪಕ್ಕಪಕ್ಕದ ಸಂಖ್ಯೆಗಳನ್ನು ಎರಡು ಕೇಂದ್ರಗಳಿಗೆ ಕೊಟ್ಟರೆ ಒಂದರ ಮೇಲೊಂದು ಬೀಳುತ್ತವೆ. ಅಷ್ಟೇ ಅಲ್ಲ, ಅಕ್ಕಪಕ್ಕದ ಎರಡು ಊರುಗಳ ಪ್ರೇಷಕಗಳು, ಅಂದರೆ ಅಲೆಗಳನ್ನು ಹೊರಡಿಸುವ ಯಂತ್ರಗಳು, ಒಂದೇ ಸಂಖ್ಯೆಯಲ್ಲಿ ಪ್ರಸಾರ ಮಾಡಿದರೆ ಗಡಿಯಲ್ಲಿರುವವರಿಗೆ ಎರಡೂ ಕಲಸಿ ಕೇಳುತ್ತದೆ, ಕಾರ್ಯಕ್ರಮ ಒಂದೇ ಆಗಿದ್ದರೂ ಸಹ. ಹೀಗಾಗಿ ದೇಶದುದ್ದಕ್ಕೂ ಕೇಳಿಸಬೇಕಾದ ಕೇಂದ್ರ ಊರಿಂದ ಊರಿಗೆ ಬೇರೆ ಬೇರೆ ಸಂಖ್ಯೆ ಬಳಸಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಬಿಬಿಸಿ ರೇಡಿಯೊ 1 ತನ್ನನ್ನು ‘97ರಿಂದ 99 ಎಫ್‌ಎಂ’ ಎಂದು ಕರೆದುಕೊಳ್ಳುತ್ತಿದ್ದುದು ಇದಕ್ಕೇ. ಒಂದೇ ಒಂದು ಕೇಂದ್ರ ದೇಶವಿಡೀ ಕೇಳಿಸಲು ಸುಮಾರು 2 ಮೆಗಾಹರ್ಟ್ಸ್ ನುಂಗುತ್ತದೆ.

ಜಾಗ ಇಷ್ಟು ದುಬಾರಿಯಾದಾಗ ಅದು ಸಿಗುವುದು ಅತಿ ಹೆಚ್ಚು ಜನ ಕೇಳುವ ಕಾರ್ಯಕ್ರಮಗಳಿಗೆ. ಕಡಿಮೆ ಜನರ ರುಚಿಗೆ ರಾತ್ರಿಯ ಒಂದೆರಡು ಗಂಟೆ ದೊರೆತರೆ ಪುಣ್ಯ. ರೇಡಿಯೊ 1ರಲ್ಲಿ ಟಿಮ್ ವೆಸ್ಟ್‌ವುಡ್ 1994ರಿಂದ ನಡೆಸುತ್ತಿದ್ದ ರ‍್ಯಾಪ್ ಕಾರ್ಯಕ್ರಮ ವಾರಾಂತ್ಯದ ರಾತ್ರಿಗೆ ಸೀಮಿತವಾಗಿತ್ತು. ಆ ಸಂಗೀತವನ್ನೇ ಉಸಿರಾಡುವ ಹುಡುಗ ಹುಡುಗಿಯರಿಗೆ ಉಳಿದ ದಿನಗಳಲ್ಲಿ ರಾಷ್ಟ್ರೀಯ ರೇಡಿಯೊದಲ್ಲಿ ಹೇಳಿಕೊಳ್ಳುವಂಥದ್ದು ಸಿಗುತ್ತಿರಲಿಲ್ಲ.

ಮಲ್ಟಿಪ್ಲೆಕ್ಸ್: ಹತ್ತು ಕೇಂದ್ರಗಳ ಒಂದು ಬಸ್

ಬ್ರಿಟನ್ನಿನ ಡಿಜಿಟಲ್ ರೇಡಿಯೊ ಬಳಸುವ ತಂತ್ರಕ್ಕೆ ಡಿಎಬಿ, ಅಂದರೆ ಡಿಜಿಟಲ್ ಆಡಿಯೊ ಬ್ರಾಡ್‌ಕಾಸ್ಟಿಂಗ್, ಎಂದು ಹೆಸರು. ಯುರೋಪಿನ ಸಂಸ್ಥೆಗಳು 1987ರಲ್ಲಿ ಆರಂಭಿಸಿದ ಯುರೇಕಾ-147 ಎಂಬ ಜಂಟಿ ಯೋಜನೆಯಲ್ಲಿ ಅದು ರೂಪುಗೊಂಡಿತು. 1995ರ ಸೆಪ್ಟೆಂಬರ್‌ನಲ್ಲಿ ಬಿಬಿಸಿ ಆ ಪ್ರಸಾರ ಶುರು ಮಾಡಿತು. ಆಗ ಕೇಳುವುದಕ್ಕೆ ಅಂಗಡಿಗಳಲ್ಲಿ ಡಬ್ಬಿಗಳೇ ಇರಲಿಲ್ಲ.

ಇದರ ಮೂಲ ಉಪಾಯ ಸರಳವಾದದ್ದು. ಎಫ್‌ಎಂನಲ್ಲಿ ಪ್ರತಿ ಕೇಂದ್ರವೂ ತನ್ನದೇ ಆಟೊ ಮಾಡಿಕೊಂಡು ಹೋಗುತ್ತದೆ ಎಂದುಕೊಳ್ಳಿ. ರಸ್ತೆ ಬೇಗ ಕಿಕ್ಕಿರಿಯುತ್ತದೆ. ಡಿಎಬಿಯಲ್ಲಿ ಎಲ್ಲ ಕೇಂದ್ರಗಳೂ ಒಂದೇ ಬಸ್ ಹತ್ತುತ್ತವೆ. ಈ ಬಸ್ಸಿಗೆ ಮಲ್ಟಿಪ್ಲೆಕ್ಸ್ ಎನ್ನುತ್ತಾರೆ. ಅದರ ಅಗಲ 1.536 ಮೆಗಾಹರ್ಟ್ಸ್. ಬಿಬಿಸಿಯ ರಾಷ್ಟ್ರೀಯ ಮಲ್ಟಿಪ್ಲೆಕ್ಸ್ ‘12ಬಿ’ ಎಂಬ ಹೆಸರಿನಲ್ಲಿ 225.648 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ರೇಡಿಯೊ 1, 2, 3, 4, 5 ಲೈವ್, 6 ಮ್ಯೂಸಿಕ್, ಏಷ್ಯನ್ ನೆಟ್‌ವರ್ಕ್, ವರ್ಲ್ಡ್ ಸರ್ವಿಸ್ ಎಲ್ಲವೂ ಅದರಲ್ಲೇ, 1ಎಕ್ಸ್‌ಟ್ರಾ ಕೂಡ. ಎಫ್‌ಎಂನಲ್ಲಿ ಒಂದು ರಾಷ್ಟ್ರೀಯ ಕೇಂದ್ರ ತಿನ್ನುವ ಜಾಗಕ್ಕಿಂತ ಕಡಿಮೆ ಜಾಗದಲ್ಲಿ ಹತ್ತಕ್ಕೂ ಹೆಚ್ಚು ಕೇಂದ್ರಗಳು ಕುಳಿತಿವೆ. ಇಡೀ ವಿಷಯದ ಮರ್ಮ ಈ ಒಂದು ಲೆಕ್ಕದಲ್ಲಿದೆ.

ಇದು ಸಾಧ್ಯವಾಗುವುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ಧ್ವನಿಯನ್ನು ಕುಗ್ಗಿಸುವುದು. ಸಿಡಿಯಲ್ಲಿರುವ ಸ್ಟಿರಿಯೊ ಸಂಗೀತಕ್ಕೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಮಾಹಿತಿ ಬೇಕು. ಆದರೆ ನಮ್ಮ ಕಿವಿ ಎಲ್ಲವನ್ನೂ ಗ್ರಹಿಸುವುದಿಲ್ಲ. ಜೋರಾದ ಡೋಲಿನ ಪೆಟ್ಟು ಬಿದ್ದ ಕ್ಷಣದಲ್ಲಿ ಅದರ ಹತ್ತಿರದ ಸ್ವರದಲ್ಲಿರುವ ಮೆಲುದನಿ ನಮಗೆ ಕೇಳಿಸದು. ಹಾಗೆ ಮರೆಯಾಗುವ ಭಾಗಗಳನ್ನು ಲೆಕ್ಕ ಹಾಕಿ ಬಿಟ್ಟುಬಿಡುವ ಎಂಪಿ-2 ಎಂಬ ವಿಧಾನವನ್ನು ಡಿಎಬಿ ಬಳಸುತ್ತದೆ. 1ಎಕ್ಸ್‌ಟ್ರಾಕ್ಕೆ ಸಿಕ್ಕಿರುವ ಪಾಲು 128 ಕಿಲೋಬಿಟ್, ಅಂದರೆ ಸಿಡಿಯ ಹನ್ನೊಂದನೇ ಒಂದು ಭಾಗ. ಶಾಸ್ತ್ರೀಯ ಸಂಗೀತದ ರೇಡಿಯೊ 3ಕ್ಕೆ ಸಾಮಾನ್ಯವಾಗಿ 192. ಬಸ್ಸಿನಲ್ಲಿರುವ ಸೀಟುಗಳು ಇಷ್ಟೇ ಆದ್ದರಿಂದ ಒಬ್ಬರಿಗೆ ಅಗಲದ ಸೀಟು ಕೊಟ್ಟರೆ ಇನ್ನೊಬ್ಬರು ಒತ್ತರಿಸಿಕೊಳ್ಳಲೇಬೇಕು. ಡಿಜಿಟಲ್ ಎಂದರೆ ತಾನಾಗಿಯೇ ಉತ್ತಮ ಧ್ವನಿ ಎಂಬ ನಂಬಿಕೆ ಪೂರ್ತಿ ನಿಜವಲ್ಲ ಎಂದದ್ದು ಇದಕ್ಕಾಗಿ. ತೀರಾ ಹಿಂಡಿದ ಡಿಜಿಟಲ್ ಧ್ವನಿಗಿಂತ ಒಳ್ಳೆಯ ಎಫ್‌ಎಂ ಕಿವಿಗೆ ಇಂಪಾಗಿರಬಲ್ಲದು. ನಂತರ ಬಂದ ಡಿಎಬಿ ಪ್ಲಸ್ ಇನ್ನೂ ಜಾಣತನದಿಂದ ಕುಗ್ಗಿಸುವುದರಿಂದ ಅದೇ ಜಾಗದಲ್ಲಿ ಮತ್ತಷ್ಟು ಕೇಂದ್ರಗಳನ್ನು ಹಿಡಿಸುತ್ತದೆ.

ಎರಡನೆಯದು, ಹಂಚಿ ಕಳಿಸುವುದು. ಮಲ್ಟಿಪ್ಲೆಕ್ಸ್ ತನ್ನ ಮಾಹಿತಿಯನ್ನು ಒಂದೇ ಅಲೆಯ ಮೇಲೆ ಹೇರದೆ 1,536 ಸಣ್ಣ ಅಲೆಗಳಿಗೆ ಹರಡುತ್ತದೆ, ಕ್ರಮವನ್ನೂ ಬೇಕೆಂದೇ ಕಲಸುತ್ತದೆ, ಜೊತೆಗೆ ತಪ್ಪು ತಿದ್ದಿಕೊಳ್ಳಲು ಹೆಚ್ಚುವರಿ ಬಿಟ್‌ಗಳನ್ನು ಸೇರಿಸುತ್ತದೆ. ದಾರಿಯಲ್ಲಿ ಕೆಲವು ಅಲೆಗಳು ಕಟ್ಟಡಕ್ಕೆ ಬಡಿದು ಹಾಳಾದರೂ ಉಳಿದವುಗಳಿಂದ ಡಬ್ಬಿ ಮೂಲವನ್ನು ಕಟ್ಟಿಕೊಳ್ಳುತ್ತದೆ.

ಮೂರನೆಯದು ನನಗೆ ಅತ್ಯಂತ ಸೊಗಸಾಗಿ ಕಾಣುವ ಭಾಗ. ಎಫ್‌ಎಂನಲ್ಲಿ ಶತ್ರುವಾಗಿದ್ದ ಪಕ್ಕದೂರಿನ ಪ್ರೇಷಕ ಇಲ್ಲಿ ಮಿತ್ರನಾಗುತ್ತದೆ. ಎಲ್ಲ ಪ್ರೇಷಕಗಳೂ ಒಂದೇ ತರಂಗಾಂತರದಲ್ಲಿ, ಒಂದೇ ಗಡಿಯಾರಕ್ಕೆ ಹೊಂದಿಕೊಂಡು ಒಂದೇ ಮಾಹಿತಿಯನ್ನು ಕಳಿಸುತ್ತವೆ. ದೂರದ ಪ್ರೇಷಕದಿಂದ ಬರುವ ಅಲೆ ತುಸು ತಡವಾಗಿ ಬಂದರೂ ಪ್ರತಿ ತುಣುಕಿನ ಮುಂದೆ 246 ಮೈಕ್ರೊಸೆಕೆಂಡಿನ ಬಿಡುವು ಇಟ್ಟಿರುತ್ತಾರೆ. ಅಷ್ಟು ಹೊತ್ತಿನಲ್ಲಿ ರೇಡಿಯೊ ಅಲೆ ಸುಮಾರು 74 ಕಿಲೋಮೀಟರ್ ಸಾಗುತ್ತದೆ. ಅಷ್ಟರೊಳಗಿನ ವ್ಯತ್ಯಾಸದಲ್ಲಿ ಬರುವ ಅಲೆಗಳೆಲ್ಲ ಒಂದಕ್ಕೊಂದು ಬಲ ಕೊಡುತ್ತವೆ. ದೇಶವಿಡೀ ಒಂದೇ ತರಂಗಾಂತರ ಸಾಕಾಗುವುದರಿಂದ ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಹೋಗುವವರು ದಾರಿಯಲ್ಲಿ ಕೇಂದ್ರ ಹುಡುಕಬೇಕಿಲ್ಲ.

ಆದರೆ ಇದಕ್ಕೊಂದು ಬೆಲೆ ಇದೆ. ಎಫ್‌ಎಂ ದುರ್ಬಲವಾದಾಗ ಗೊರಗೊರ ಸದ್ದಿನ ನಡುವೆಯೂ ಮಾತು ಕೇಳಿಸುತ್ತದೆ. ಡಿಜಿಟಲ್ ಸಂಕೇತ ಒಂದು ಮಟ್ಟದವರೆಗೆ ಚೊಕ್ಕವಾಗಿದ್ದು, ಅದಕ್ಕಿಂತ ಕೆಳಗಿಳಿದೊಡನೆ ಕುದಿಯುವ ನೀರಿನಂಥ ಸದ್ದು ಮಾಡಿ ನಿಂತೇ ಹೋಗುತ್ತದೆ.

‘ಅರ್ಬನ್’ ಸಂಗೀತ ಯಾವುದು

1ಎಕ್ಸ್‌ಟ್ರಾ ಹಾಕುವಂಥ ಸಂಗೀತಕ್ಕೆ ಅಂಟಿಸುತ್ತಿದ್ದ ಅರ್ಬನ್, ಅಂದರೆ ನಗರದ್ದು, ಎಂಬ ಹಣೆಪಟ್ಟಿ ಬಂದದ್ದು ಅಮೆರಿಕದ ರೇಡಿಯೊ ವ್ಯವಹಾರದಿಂದ. 1970ರ ದಶಕದಲ್ಲಿ ನ್ಯೂಯಾರ್ಕಿನ ಡಬ್ಲ್ಯುಬಿಎಲ್‌ಎಸ್ ಕೇಂದ್ರದ ಫ್ರ್ಯಾಂಕಿ ಕ್ರಾಕರ್ ಎಂಬ ನಿರೂಪಕ ತಾನು ಹಾಕುವ ಹಾಡುಗಳ ಬಗೆಯನ್ನು ‘ಅರ್ಬನ್ ಕಾಂಟೆಂಪೊರರಿ’ ಎಂದು ಕರೆದ. ಕಪ್ಪು ಜನರ ಸಂಗೀತ ಎಂದು ನೇರವಾಗಿ ಹೇಳದೆ ಜಾಹೀರಾತುದಾರರನ್ನು ಸೆಳೆಯಲು ಆ ಹೆಸರು ಅನುಕೂಲವಾಯಿತು. ಕಾಲ ಕಳೆದಂತೆ ಒಂದಕ್ಕೊಂದು ಹೋಲದ ಎಷ್ಟೋ ಪ್ರಕಾರಗಳನ್ನು ಕಲಾವಿದರ ಬಣ್ಣ ನೋಡಿ ಒಂದೇ ಚೀಲಕ್ಕೆ ತುಂಬುವ ಹೆಸರು ಅದು ಎಂಬ ಆಕ್ಷೇಪ ಬಲವಾಯಿತು. 2020ರಲ್ಲಿ ಅಮೆರಿಕದ ರಿಪಬ್ಲಿಕ್ ರೆಕಾರ್ಡ್ಸ್ ಸಂಸ್ಥೆ ಆ ಪದವನ್ನು ಕೈಬಿಟ್ಟಿತು. ಗ್ರ್ಯಾಮಿ ಪ್ರಶಸ್ತಿಯ ಒಂದು ವಿಭಾಗದ ಹೆಸರೂ ಅದೇ ವರ್ಷ ಬದಲಾಯಿತು. 1ಎಕ್ಸ್‌ಟ್ರಾ ತನ್ನ ಹೊಣೆಯನ್ನು ‘ಸಮಕಾಲೀನ ಕಪ್ಪು ಸಂಗೀತ’ ಎಂದೇ ನೇರವಾಗಿ ಹೇಳಿಕೊಂಡು ಬಂದಿದೆ.

ಬ್ರಿಟನ್ನಿನಲ್ಲಿ ಈ ಸಂಗೀತದ ಬೇರು ಎರಡನೇ ಮಹಾಯುದ್ಧದ ನಂತರ ಜಮೈಕಾ ಮೊದಲಾದ ಕೆರಿಬಿಯನ್ ದ್ವೀಪಗಳಿಂದ ವಲಸೆ ಬಂದ ಕುಟುಂಬಗಳಲ್ಲಿದೆ. ಆಳೆತ್ತರದ ಸ್ಪೀಕರುಗಳನ್ನು ಪೇರಿಸಿ, ಹಾಡಿನ ಮೇಲೆ ಮಾತು ಪೋಣಿಸುವ ‘ಸೌಂಡ್ ಸಿಸ್ಟಮ್’ ಸಂಪ್ರದಾಯವನ್ನು ಅವರು ತಂದರು. ಅದಕ್ಕೆ ಅಮೆರಿಕದ ಹಿಪ್ ಹಾಪ್ ಸೇರಿತು, ಕ್ಲಬ್ಬುಗಳ ಎಲೆಕ್ಟ್ರಾನಿಕ್ ಲಯ ಸೇರಿತು. 1990ರ ದಶಕದಲ್ಲಿ ಜಂಗಲ್, ಡ್ರಮ್ ಅಂಡ್ ಬೇಸ್, ಗರಾಜ್ ಹುಟ್ಟಿದವು. 2000ದ ಆಚೀಚೆ ಪೂರ್ವ ಲಂಡನ್ನಿನ ಬೋ ಎಂಬ ಬಡಾವಣೆಯ ಹುಡುಗರು ನಿಮಿಷಕ್ಕೆ 140 ತಾಳದ ವೇಗದಲ್ಲಿ ತಮ್ಮ ಬೀದಿಯ ಮಾತನ್ನೇ ಹರಿತವಾಗಿ ಹಾಡತೊಡಗಿದರು. ಅದಕ್ಕೆ ಗ್ರೈಮ್ ಎಂದು ಹೆಸರು ಬಂತು.

ಪರವಾನಗಿ ಇಲ್ಲದ ಕೇಂದ್ರಗಳು

ಅಧಿಕೃತ ರೇಡಿಯೊದಲ್ಲಿ ಜಾಗವಿಲ್ಲದ ಈ ಸಂಗೀತ ಇಷ್ಟು ವರ್ಷ ಬದುಕಿದ್ದು ಪೈರೇಟ್ ರೇಡಿಯೊದಲ್ಲಿ, ಅಂದರೆ ಪರವಾನಗಿ ಪಡೆಯದೆ ಪ್ರಸಾರ ಮಾಡುವ ಕೇಂದ್ರಗಳಲ್ಲಿ. ಈ ಪರಂಪರೆ ಹಳೆಯದು. 1964ರಲ್ಲಿ ರೇಡಿಯೊ ಕ್ಯಾರೊಲಿನ್ ಎಂಬ ಕೇಂದ್ರ ಹಡಗಿನಲ್ಲಿ ಪ್ರೇಷಕವಿಟ್ಟು, ಬ್ರಿಟನ್ನಿನ ಕಾನೂನು ತಲುಪದ ಸಮುದ್ರದಲ್ಲಿ ಲಂಗರು ಹಾಕಿ ಪಾಪ್ ಹಾಡು ಪ್ರಸಾರ ಮಾಡಿತು. ಬಿಬಿಸಿಯಲ್ಲಿ ಆಗ ಯುವಜನರ ಹಾಡುಗಳಿಗೆ ಹೆಚ್ಚು ಸಮಯವಿರಲಿಲ್ಲ. ಲಕ್ಷಾಂತರ ಜನ ಹಡಗಿನ ಕಡೆ ತಿರುಗಿದರು. 1967ರಲ್ಲಿ ಸರ್ಕಾರ ಕಾನೂನು ತಂದು ಇದನ್ನು ತಡೆಯಲು ಹೊರಟಿತು. ಅದೇ ವರ್ಷ ಸೆಪ್ಟೆಂಬರ್ 30ರಂದು ಬಿಬಿಸಿ ರೇಡಿಯೊ 1 ಆರಂಭವಾಯಿತು; ಅದರ ಮೊದಲ ನಿರೂಪಕ ಟೋನಿ ಬ್ಲ್ಯಾಕ್‌ಬರ್ನ್ ಹಡಗಿನ ಕೇಂದ್ರಗಳಲ್ಲಿ ಪಳಗಿದವರೇ.

ಮುಂದಿನ ಪೀಳಿಗೆಗೆ ಹಡಗು ಬೇಕಾಗಲಿಲ್ಲ. ಲಂಡನ್ನಿನ ಬಹುಮಹಡಿ ಸರ್ಕಾರಿ ವಸತಿ ಕಟ್ಟಡಗಳೇ ಪ್ರೇಷಕದ ಗೋಪುರಗಳಾದವು. ತಾರಸಿಯ ಮೇಲೆ ಆಂಟೆನಾ, ಎಲ್ಲೋ ಒಂದು ಫ್ಲ್ಯಾಟಿನಲ್ಲಿ ಸ್ಟುಡಿಯೊ. ಅಧಿಕಾರಿಗಳು ದಾಳಿ ಮಾಡಿ ಆಂಟೆನಾ ಕಿತ್ತೊಯ್ದರೆ ಇನ್ನೊಂದು ತಾರಸಿಯಲ್ಲಿ ಮತ್ತೊಂದು ನಿಲ್ಲುತ್ತಿತ್ತು. ಇದು ಅಪರಾಧವೇ ಆಗಿತ್ತು, ಅದಕ್ಕೆ ಕಾರಣವೂ ಇತ್ತು: ಅಂಕೆಯಿಲ್ಲದ ಪ್ರಸಾರ ಪರವಾನಗಿ ಪಡೆದ ಕೇಂದ್ರಗಳಿಗೂ ತುರ್ತು ಸೇವೆಗಳ ಸಂಪರ್ಕಕ್ಕೂ ಅಡ್ಡಿಯಾಗಬಲ್ಲದು. ಆದರೂ ಈ ಕೇಂದ್ರಗಳು ಒಂದು ಪೀಳಿಗೆಯ ಸಂಗೀತ ಶಾಲೆಗಳಾದವು. ಕೇಳುಗರು ಸ್ಟುಡಿಯೊದ ಮೊಬೈಲಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದರು. ಕರೆಗಳು ರಾಶಿ ಬಿದ್ದರೆ ಹಾಡು ಹಿಡಿಸಿದೆ ಎಂದು ಅರ್ಥ, ಡಿಜೆ ಅದನ್ನು ಮತ್ತೆ ಮೊದಲಿನಿಂದ ಹಾಕುತ್ತಿದ್ದ. ಕಾಸು ಖರ್ಚಿಲ್ಲದೆ ಮಾತು ಮುಟ್ಟಿಸುವ ಈ ಉಪಾಯವನ್ನು ನಮ್ಮವರಿಗೆ ವಿವರಿಸಬೇಕಿಲ್ಲ.

ಕೆಲವು ಕೇಂದ್ರಗಳು ಕಾನೂನಿನ ಒಳಗೂ ಬಂದವು. 1985ರಲ್ಲಿ ಪರವಾನಗಿ ಇಲ್ಲದೆ ಹುಟ್ಟಿದ ಕಿಸ್ ಎಫ್‌ಎಂ 1990ರಲ್ಲಿ ಅಧಿಕೃತವಾಯಿತು. 1994ರಲ್ಲಿ ಆರಂಭವಾದ ರಿನ್ಸ್ ಎಫ್‌ಎಂ ಗ್ರೈಮ್ ಬೆಳೆಯಲು ತೊಟ್ಟಿಲಾಗಿ, ಪರವಾನಗಿ ಪಡೆದದ್ದು 2010ರಲ್ಲಿ. ಈ ಹಿನ್ನೆಲೆ ತಿಳಿಯದಿದ್ದರೆ 1ಎಕ್ಸ್‌ಟ್ರಾ ಏಕೆ ಬೇಕಾಯಿತು ಎಂಬುದು ಅರ್ಥವಾಗುವುದಿಲ್ಲ. ಕೇಳುಗರು, ಕಲಾವಿದರು, ಡಿಜೆಗಳು ಎಲ್ಲರೂ ಮೊದಲೇ ಇದ್ದರು. ಅಧಿಕೃತ ಬಾನುಲಿಯಲ್ಲಿ ಅವರಿಗೆ ಜಾಗವೊಂದೇ ಇರಲಿಲ್ಲ.

ಕೇಂದ್ರದ ಒಳಗೆ

2002ರಲ್ಲಿ ಬಿಬಿಸಿ ಸಾಲಾಗಿ ಹೊಸ ಡಿಜಿಟಲ್ ಕೇಂದ್ರಗಳನ್ನು ತೆರೆಯಿತು. ಮಾರ್ಚ್‌ನಲ್ಲಿ 6 ಮ್ಯೂಸಿಕ್, ಆಗಸ್ಟ್‌ನಲ್ಲಿ 1ಎಕ್ಸ್‌ಟ್ರಾ, ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಸ್ವರೂಪದಲ್ಲಿ ಏಷ್ಯನ್ ನೆಟ್‌ವರ್ಕ್, ಡಿಸೆಂಬರ್‌ನಲ್ಲಿ ನಾಟಕ ಮತ್ತು ಹಾಸ್ಯದ ಬಿಬಿಸಿ 7. ಇವುಗಳ ಖರ್ಚು ನಡೆಯುವುದು ಟಿವಿ ನೋಡುವ ಮನೆಗಳು ವರ್ಷಕ್ಕೊಮ್ಮೆ ಕಟ್ಟುವ ಪರವಾನಗಿ ಶುಲ್ಕದಿಂದ, ಜಾಹೀರಾತು ಇಲ್ಲ. ಜಾಹೀರಾತು ನಂಬಿದ ಕೇಂದ್ರಕ್ಕೆ ಜನ ಚಾನೆಲ್ ಬದಲಿಸಿಯಾರು ಎಂಬ ಭಯವಿರುವುದರಿಂದ ಗೊತ್ತಿರುವ ಹಾಡನ್ನೇ ಮತ್ತೆ ಮತ್ತೆ ಹಾಕುತ್ತದೆ. ಸಾರ್ವಜನಿಕ ಹಣದ ಕೇಂದ್ರಕ್ಕೆ ಯಾರೂ ಕೇಳದ ಹೊಸಬನ ಹಾಡು ಹಾಕುವ ಸ್ವಾತಂತ್ರ್ಯವಿದೆ, ಹೊಣೆಯೂ ಇದೆ. ಸ್ಥಳೀಯ ಹೊಸ ಕಲಾವಿದರಿಗೆ, ನೇರ ಸಂಗೀತಕ್ಕೆ ಒತ್ತು ಕೊಡಬೇಕೆಂಬುದು 1ಎಕ್ಸ್‌ಟ್ರಾದ ಕರಾರಿನಲ್ಲೇ ಇತ್ತು. ಯುವಜನರ ಭಾಷೆಯಲ್ಲಿ ಸುದ್ದಿ ಮತ್ತು ಸಾಕ್ಷ್ಯಚಿತ್ರಗಳನ್ನೂ ಅದು ಪ್ರಸಾರ ಮಾಡಿತು.

ಸಿಬ್ಬಂದಿಯೂ ಅದೇ ಬೀದಿಗಳಿಂದ ಬಂದರು. ರೋಲ್ ಡೀಪ್ ಎಂಬ ಗ್ರೈಮ್ ತಂಡದಲ್ಲಿದ್ದು, ಪರವಾನಗಿ ಇಲ್ಲದ ಕಾಲದ ರಿನ್ಸ್ ಎಫ್‌ಎಂನಲ್ಲಿ ಹಾಡು ಹಾಕುತ್ತಿದ್ದ ಡಿಜೆ ಟಾರ್ಗೆಟ್ ಮುಂದೆ 1ಎಕ್ಸ್‌ಟ್ರಾದ ಪ್ರಮುಖ ದನಿಯಾದರು. ಕೇಂದ್ರ ಆರಂಭವಾದ ಮರುವರ್ಷವೇ ಬೋ ಬಡಾವಣೆಯ, ಇಪ್ಪತ್ತೂ ತುಂಬದ ಡಿಜ್ಜಿ ರ‍್ಯಾಸ್ಕಲ್‌ನ ಚೊಚ್ಚಲ ಆಲ್ಬಂ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಗೆದ್ದಿತು. 2016ರಲ್ಲಿ ಗ್ರೈಮ್ ಕಲಾವಿದ ಸ್ಕೆಪ್ಟಾ ಅದೇ ಪ್ರಶಸ್ತಿ ಪಡೆದರು. 2019ರಲ್ಲಿ ಸ್ಟಾರ್ಮ್‌ಜಿ ಗ್ಲಾಸ್ಟನ್‌ಬರಿ ಉತ್ಸವದ ಮುಖ್ಯ ವೇದಿಕೆಯಲ್ಲಿ ಒಂದು ರಾತ್ರಿಯ ಪ್ರಧಾನ ಕಲಾವಿದರಾದರು. ಇದೆಲ್ಲ ಒಂದು ರೇಡಿಯೊದಿಂದ ಆಯಿತೆಂದರೆ ಉತ್ಪ್ರೇಕ್ಷೆ. ಪೈರೇಟ್ ಕೇಂದ್ರಗಳ, ಅಂತರ್ಜಾಲದ ಪಾಲು ದೊಡ್ಡದು. ಆದರೆ ದೇಶದ ಯಾವ ಮೂಲೆಯಲ್ಲಿದ್ದರೂ ಈ ಸಂಗೀತ ಕಾನೂನುಬದ್ಧವಾಗಿ ದಿನವಿಡೀ ಕೇಳುವ ರಾಷ್ಟ್ರೀಯ ಜಾಗ ದೊರೆತದ್ದು ಇಲ್ಲಿ.

ಡಬ್ಬಿ ಯಾರ ಬಳಿ ಇತ್ತು

ಯುವಜನರಿಗೆಂದು ಕೇಂದ್ರ ತೆರೆದಾಗ ಆ ಯುವಜನರ ಬಳಿ ಅದನ್ನು ಹಿಡಿಯುವ ಡಬ್ಬಿ ಇರಲಿಲ್ಲ. ಮಾಮೂಲಿ ಎಫ್‌ಎಂ ಸೆಟ್ ಡಿಎಬಿಯನ್ನು ಹಿಡಿಯಲಾರದು. 2002ರಲ್ಲಿ ನೂರು ಪೌಂಡಿನ ಒಳಗೆ ಸಿಕ್ಕ ಮೊದಲ ಡಿಎಬಿ ರೇಡಿಯೊ ಪ್ಯೂರ್ ಸಂಸ್ಥೆಯ ಇವೋಕ್-1. ಅದರ ಬೆಲೆ 99 ಪೌಂಡ್. ಅಡುಗೆಮನೆಯ ಕಪಾಟಿನ ಮೇಲಿಡುವಂಥ ಮರದ ಪೆಟ್ಟಿಗೆಯನ್ನು ಬಡ ಬಡಾವಣೆಯ ಹದಿನಾರರ ಹುಡುಗ ಏಕೆ ಕೊಂಡಾನು? ಹಾಗಾಗಿ ಹಲವರು 1ಎಕ್ಸ್‌ಟ್ರಾ ಕೇಳಿದ್ದು ಟಿವಿಯಲ್ಲಿ. ಉಪಗ್ರಹ ಟಿವಿ ಹಾಗೂ ಡಿಜಿಟಲ್ ಆಂಟೆನಾದ ಫ್ರೀವ್ಯೂ ಸೇವೆಯ ಮೂಲಕ ರೇಡಿಯೊ ವಾಹಿನಿಗಳೂ ಮನೆಗೆ ಬರುತ್ತವೆ. ನಂತರ ಕಂಪ್ಯೂಟರ್, ಈಗ ಬಿಬಿಸಿಯ ಮೊಬೈಲ್ ಆ್ಯಪ್. ಚಾರ್ಲಿ ಸ್ಲಾತ್ ನಡೆಸುತ್ತಿದ್ದ, ರ‍್ಯಾಪರುಗಳು ಸ್ಟುಡಿಯೊದಲ್ಲೇ ಹಾಡುವ ಕಾರ್ಯಕ್ರಮದ ವಿಡಿಯೊಗಳನ್ನು ಯೂಟ್ಯೂಬಿನಲ್ಲಿ ನೋಡಿದವರಲ್ಲಿ ಎಷ್ಟೋ ಮಂದಿ ಆ ಕೇಂದ್ರವನ್ನು ರೇಡಿಯೊ ಡಬ್ಬಿಯಲ್ಲಿ ಹಾಕಿಯೇ ಇರಲಿಕ್ಕಿಲ್ಲ.

ಕೇಳುಗರು ಕಡಿಮೆಯಾದರೆ ಸಣ್ಣ ಕೇಂದ್ರಗಳ ಮೇಲೆ ಕತ್ತಿ ತೂಗುತ್ತಲೇ ಇರುತ್ತದೆ. 2010ರ ಮಾರ್ಚ್‌ನಲ್ಲಿ 6 ಮ್ಯೂಸಿಕ್ ಮತ್ತು ಏಷ್ಯನ್ ನೆಟ್‌ವರ್ಕ್ ಮುಚ್ಚುವ ಪ್ರಸ್ತಾಪವನ್ನು ಬಿಬಿಸಿಯೇ ಮುಂದಿಟ್ಟಿತ್ತು. ಕೇಳುಗರು ದೊಡ್ಡ ದನಿಯಲ್ಲಿ ವಿರೋಧಿಸಿದರು. ಜುಲೈನಲ್ಲಿ ಬಿಬಿಸಿಯ ಮೇಲ್ವಿಚಾರಣೆ ನಡೆಸುತ್ತಿದ್ದ ಬಿಬಿಸಿ ಟ್ರಸ್ಟ್ 6 ಮ್ಯೂಸಿಕ್ ಮುಚ್ಚಲು ಒಪ್ಪಲಿಲ್ಲ, ಏಷ್ಯನ್ ನೆಟ್‌ವರ್ಕ್ ಕೂಡ ಉಳಿಯಿತು.

ಎಫ್‌ಎಂ ಪೂರ್ತಿ ನಿಂತುಹೋಗುತ್ತದೆಯೇ ಎಂಬುದಕ್ಕೆ ದೇಶ ದೇಶಕ್ಕೆ ಬೇರೆ ಉತ್ತರವಿದೆ. ನಾರ್ವೆ 2017ರಲ್ಲಿ ತನ್ನ ರಾಷ್ಟ್ರೀಯ ಕೇಂದ್ರಗಳ ಎಫ್‌ಎಂ ಪ್ರಸಾರ ನಿಲ್ಲಿಸಿತು. ಬ್ರಿಟನ್ ಮಾತ್ರ ಕನಿಷ್ಠ 2030ರವರೆಗೆ ಎಫ್‌ಎಂ ಇರಲಿ ಎಂದಿದೆ.

ನಮ್ಮಲ್ಲಿ ಏನು ಬರಬಹುದು

ಭಾರತದಲ್ಲಿ ಡಿಜಿಟಲ್ ರೇಡಿಯೊ ತೀರಾ ಹೊಸದಲ್ಲ. ಆಕಾಶವಾಣಿ ತನ್ನ ಹಲವು ಮಧ್ಯಮ ತರಂಗದ ಪ್ರೇಷಕಗಳಲ್ಲಿ ಡಿಆರ್‌ಎಂ ಎಂಬ ಬೇರೊಂದು ತಂತ್ರ ಅಳವಡಿಸಿದೆ. ಬೆಂಗಳೂರಿನ 612 ಕಿಲೋಹರ್ಟ್ಸ್ ಪ್ರೇಷಕ ಅವುಗಳಲ್ಲಿ ಒಂದು. ಅದನ್ನು ಹಿಡಿಯುವ ಸೆಟ್ಟುಗಳು ಕೆಲವು ಕಾರುಗಳಲ್ಲಿವೆ, ಮನೆಗಳಲ್ಲಿ ಅಪರೂಪ. ಜಾಗ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೂ ಬೆಂಗಳೂರಿನಲ್ಲೇ ಉದಾಹರಣೆ ಇದೆ. 2016ರ ಜನವರಿ 26ರಂದು ಇಲ್ಲಿಂದ ಆರಂಭವಾದ ‘ರಾಗಂ’, ದಿನವಿಡೀ ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ ಆಕಾಶವಾಣಿ ವಾಹಿನಿ, ಡಿಟಿಎಚ್ ಮತ್ತು ಆ್ಯಪ್ ಮೂಲಕ ದೇಶಕ್ಕೆಲ್ಲ ಕೇಳಿಸುತ್ತದೆ. ಯುವಜನರ ಸಂಗೀತಕ್ಕೆ ಅಂಥದ್ದು ಒದಗಿಲ್ಲ. ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರ ಕನ್ನಡ ರ‍್ಯಾಪ್ ತನ್ನ ಕೇಳುಗರನ್ನು ಕಂಡುಕೊಂಡದ್ದು ಯೂಟ್ಯೂಬಿನಲ್ಲಿ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈನಲ್ಲಿ ಶುರುವಾದ ಊರು ಬೆಂಗಳೂರೇ ಆದರೂ, ಆ ಪಟ್ಟಿಯಲ್ಲಿ ಸಿನಿಮಾ ಹಾಡುಗಳ ಆಚೆಗಿನ ಕನ್ನಡ ಸಂಗೀತದ ಪಾಲು ಚಿಕ್ಕದು.

ಟ್ರಾಯ್ ಶಿಫಾರಸು ಡಿಎಬಿಯಂತೆ ಎಲ್ಲರನ್ನೂ ಒಂದು ದೊಡ್ಡ ಬಸ್ಸಿಗೆ ಹತ್ತಿಸುವುದಿಲ್ಲ. ಈಗಿನ ಎಫ್‌ಎಂ ಪ್ರಸಾರ ನಡೆಯುತ್ತಿರುವಾಗಲೇ ಪ್ರತಿ ಪ್ರಸಾರಕರು ತಮಗೆ ಸಿಕ್ಕ ತರಂಗಾಂತರದಲ್ಲಿ ಮೂರು ಡಿಜಿಟಲ್ ವಾಹಿನಿಗಳನ್ನೂ ಒಂದು ಮಾಹಿತಿ ವಾಹಿನಿಯನ್ನೂ ಸೇರಿಸಿಕೊಳ್ಳಬಹುದು ಎನ್ನುತ್ತದೆ. ದೇಶಕ್ಕೆಲ್ಲ ಒಂದೇ ತಂತ್ರವಿರಲಿ, ಇರುವ ಕೇಂದ್ರಗಳು ಇಷ್ಟವಿದ್ದರೆ ಬರಲಿ ಎಂದೂ ಅದು ಹೇಳಿದೆ. ಹಳೆಯ ಎಫ್‌ಎಂ ಸೆಟ್ ಇರುವವರು ಸದ್ಯಕ್ಕೆ ಏನನ್ನೂ ಕಳೆದುಕೊಳ್ಳುವುದಿಲ್ಲ. ಹೊಸ ವಾಹಿನಿ ಕೇಳಲು ಮಾತ್ರ ಹೊಸ ಸೆಟ್ ಬೇಕು.

ಹೆಚ್ಚುವರಿ ಮೂರು ವಾಹಿನಿಗಳಲ್ಲಿ ಏನು ಬರುತ್ತದೆ ಎಂಬುದನ್ನು ತಂತ್ರಜ್ಞಾನ ನಿರ್ಧರಿಸುವುದಿಲ್ಲ. ಒಂದರಲ್ಲಿ ಭಾವಗೀತೆ, ಇನ್ನೊಂದರಲ್ಲಿ ಕನ್ನಡ ಹಿಪ್ ಹಾಪ್, ಮತ್ತೊಂದರಲ್ಲಿ ಉತ್ತರ ಕರ್ನಾಟಕದ ರಂಗಗೀತೆ ಬರಬಹುದು. ಒಂದೇ ಬಗೆಯ ಸಿನಿಮಾ ಹಾಡುಗಳು ಮೂರರಲ್ಲೂ ಬರಬಹುದು. ಬ್ರಿಟನ್ನಿನಲ್ಲಿ ಜಾಹೀರಾತಿನ ಹಂಗಿಲ್ಲದ ಸಾರ್ವಜನಿಕ ಸಂಸ್ಥೆ ಮೊದಲ ಹೆಜ್ಜೆ ಇಟ್ಟಿತು. ನಮ್ಮ ಖಾಸಗಿ ಕೇಂದ್ರಗಳು ನಡೆಯುವುದೇ ಜಾಹೀರಾತಿನಿಂದ, ಸ್ವಂತ ಸುದ್ದಿ ಪ್ರಸಾರಕ್ಕೂ ಅವುಗಳಿಗೆ ಅವಕಾಶವಿಲ್ಲ. ಯಾವ ತಂತ್ರ, ಯಾವ ದರ, ಮೊಬೈಲ್ ಫೋನುಗಳಲ್ಲಿ ಇದನ್ನು ಹಿಡಿಯುವ ಚಿಪ್ ಇರಬೇಕೋ ಬೇಡವೋ ಎಂಬ ತೀರ್ಮಾನಗಳನ್ನು ಕೈಗೊಳ್ಳಬೇಕಾದದ್ದು ಕೇಂದ್ರ ಸರ್ಕಾರ.